ಸಾಬೇಕ್ ದಾಗ್, ಹಾಲ್ ದಾಗ್

ಕೋಲ್ಕತ್ತಾದ ಅಂಚಿನ ಜೋಕಾದಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳುವವರ ಕೈಗೆ ಬರುವ ಖರೀದಿ ಪತ್ರದಲ್ಲಿ ಒಂದೇ ತುಂಡು ನೆಲಕ್ಕೆ ಹಲವು ಗುರುತುಗಳಿರುತ್ತವೆ. ಜಿಲ್ಲೆ ದಕ್ಷಿಣ 24 ಪರಗಣ. ಠಾಣೆ ಹಿಂದೆ ಬೇಹಾಲಾ, ಆಮೇಲೆ ಠಾಕುರ್‌ಪುಕುರ್, ಈಗ ಹರಿದೇವ್‌ಪುರ. ಮೌಜಾದ (ಕಂದಾಯ ಗ್ರಾಮದ) ಹೆಸರು, ಅದರ ಜೆ.ಎಲ್. ನಂಬರು, ತೌಜಿ ನಂಬರು. ಆರ್.ಎಸ್. ದಾಗ್, ಎಲ್.ಆರ್. ದಾಗ್. ಆರ್.ಎಸ್. ಖತಿಯಾನ್, ಎಲ್.ಆರ್. ಖತಿಯಾನ್. ಕಡೆಗೆ ಕೋಲ್ಕತ್ತಾ ಮಹಾನಗರ ಪಾಲಿಕೆಯ ವಾರ್ಡು, ಪ್ರೆಮಿಸಸ್ ನಂಬರು. ಮೊದಲ ಸಲ ಓದುವವರಿಗೆ ಇದು ದಸ್ತಾವೇಜು ಬರೆಯುವವರ ಹಳೇ ಚಾಳಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹೆಸರು ಎಷ್ಟು ಸಲ ಬದಲಾದರೂ ನೆಲದ ಗುರುತು ತಪ್ಪದಂತೆ ತಲೆಮಾರುಗಳ ಗುಮಾಸ್ತರು ಕಾಯ್ದುಕೊಂಡು ಬಂದ ಸಾಲು ಅದು.

ನನ್ನ ತವರು ಶಿರಸಿ ಸೀಮೆ. ಜೋಕಾಕ್ಕೆ ಬಂದು ನೆಲೆಸಿ ಬಹಳ ಕಾಲವಾಯಿತು. ಇಲ್ಲಿಂದ ಬಿಬಿಡಿ ಬಾಗ್‌ಗೆ ಹೋಗುತ್ತಿದ್ದ 37ನೇ ನಂಬರಿನ ಟ್ರಾಮು ಮೆಟ್ರೋ ಕಾಮಗಾರಿಗಾಗಿ 2011ರಲ್ಲಿ ನಿಂತದ್ದನ್ನೂ ನೋಡಿದ್ದೇನೆ, 2022ರ ಡಿಸೆಂಬರ್ 30ರಂದು ತಾರಾತಲಾವರೆಗೆ ಮೆಟ್ರೋ ಉದ್ಘಾಟನೆಯಾದದ್ದನ್ನೂ ನೋಡಿದ್ದೇನೆ. ಹಳೆಯ ಡೇಟಾಬೇಸ್‌ಗಳನ್ನು ಹೊಸ ವೆಬ್ ಫ್ರೇಮ್‌ವರ್ಕ್‌ಗಳಿಗೆ ಹೊಂದಿಸಿಕೊಡುವುದು ನನ್ನ ಕಸುಬು. ಈಚೆಗೆ ಕೈಗೆ ಬಂದದ್ದು ನನ್ನ ಸೀಮೆಯದೇ ಒಂದು ಸಹಕಾರಿ ಸಂಘದ ಬೆಳೆಸಾಲದ ದಾಖಲೆ. ಫಾಕ್ಸ್‌ಪ್ರೋದಲ್ಲಿ ಕಟ್ಟಿದ್ದ ಅದನ್ನು ಹೊಸದೊಂದು ಫ್ರೇಮ್‌ವರ್ಕ್‌ಗೆ ತರಬೇಕಿತ್ತು. ಅದರ ಕಾಲಂಗಳ ಹೆಸರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಜೋಕಾದ ಈ ಪತ್ರಗಳು. ಹಾಗಾಗಿ ಮೊದಲು ಜೋಕಾದ ಲೆಕ್ಕವನ್ನೇ ಹೇಳುತ್ತೇನೆ.

24 ಪರಗಣಗಳು 1757ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. 1793ರ ಕಾಯಂ ಗುತ್ತೆಯಲ್ಲಿ ಸರಕಾರಕ್ಕೆ ಬೇಕಾಗಿದ್ದದ್ದು ಜಮೀನ್ದಾರ ಮತ್ತು ಅವನು ಕಟ್ಟಬೇಕಾದ ಹಣ, ಅಷ್ಟೆ. ಕಂದಾಯ ಕಟ್ಟುವ ಪ್ರತಿ ಎಸ್ಟೇಟಿಗೂ ಕಲೆಕ್ಟರ ಪಟ್ಟಿಯಲ್ಲಿ ಒಂದು ಕ್ರಮಾಂಕ ಬಿತ್ತು; ಅದೇ ತೌಜಿ ನಂಬರು. ಯಾವ ಗದ್ದೆಯನ್ನು ಯಾವ ರೈತ ಉಳುತ್ತಾನೆ ಎಂಬುದು ಜಮೀನ್ದಾರನ ಕಚೇರಿಯ ಕಾಗದಗಳಲ್ಲಿ ಉಳಿಯಿತು. ಸರಕಾರ ಗದ್ದೆಯ ತನಕ ಇಳಿದದ್ದು 1885ರ ಬಂಗಾಳ ಗೇಣಿ ಕಾಯ್ದೆಯ ನಂತರ. 1888ರಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೆಡಾಸ್ಟ್ರಲ್ ಸರ್ವೆಯಲ್ಲಿ ಮೈಲಿಗೆ ಹದಿನಾರು ಇಂಚಿನ ಅಳತೆಯಲ್ಲಿ ಮೌಜಾಗಳ ನಕ್ಷೆ ಬರೆದರು. ನಕ್ಷೆಯ ಮೇಲಿನ ಪ್ರತಿ ತುಂಡಿಗೂ ಒಂದು ದಾಗ್ ನಂಬರು, ಹಕ್ಕುದಾರರ ವಿವರದ ಪ್ರತಿ ಹಾಳೆಗೂ ಒಂದು ಖತಿಯಾನ್ ನಂಬರು. ಒಂದು ಠಾಣೆಯ ಮೌಜಾಗಳಿಗೆಲ್ಲ ಒಂದರಿಂದ ಕ್ರಮವಾಗಿ ಜೆ.ಎಲ್. ನಂಬರು. ಪಕ್ಕದ ಠಾಣೆಯಲ್ಲಿ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ಠಾಣೆಯ ಹೆಸರಿಲ್ಲದೆ ಜೆ.ಎಲ್. ನಂಬರಿಗೆ ಬೆಲೆಯಿಲ್ಲ, ಮೌಜಾ ಇಲ್ಲದೆ ದಾಗ್‌ಗೆ ಬೆಲೆಯಿಲ್ಲ. ಈಗಿನ ಡೇಟಾಬೇಸ್ ಭಾಷೆಯಲ್ಲಿ ಹೇಳುವುದಾದರೆ ಮೂರು ಕಾಲಂ ಸೇರಿ ಆಗುವ ಕೀ ಅದು.

ಆಮೇಲೆ ಎರಡು ದೊಡ್ಡ ಪರಿಷ್ಕರಣೆಗಳಾದವು. 1953ರ ಎಸ್ಟೇಟ್ ಸ್ವಾಧೀನ ಕಾಯ್ದೆ ಜಮೀನ್ದಾರಿಯನ್ನು ತೆಗೆದುಹಾಕಿದಾಗ ಸರಕಾರ ಮತ್ತು ರೈತ ನೇರವಾಗಿ ಎದುರುಬದುರಾದರು. ಆಗ ತಯಾರಾದದ್ದು ಆರ್.ಎಸ್. (ಪರಿಷ್ಕೃತ ಸರ್ವೆ) ದಾಖಲೆ. 1955ರ ಭೂಸುಧಾರಣಾ ಕಾಯ್ದೆಯಡಿ ಮುಂದೆ ತಯಾರಾದದ್ದು ಎಲ್.ಆರ್. (ಲ್ಯಾಂಡ್ ರಿಫಾರ್ಮ್ಸ್) ದಾಖಲೆ. ಎಲ್.ಆರ್.ನಲ್ಲಿ ಖತಿಯಾನಿನ ಸ್ವಭಾವವೇ ಬೇರೆಯಾಯಿತು: ಹಲವು ಪಾಲುದಾರರು ಒಟ್ಟಿಗಿದ್ದ ಹಾಳೆ ಹೋಗಿ ಒಬ್ಬೊಬ್ಬ ರೈತನಿಗೆ ಒಂದೊಂದು ಹಾಳೆ ಬಂತು. ಹದಿನಾರಾಣೆಯನ್ನು ಗಂಡಾ, ಕಡಾ, ಕ್ರಾಂತಿ ಎಂದು ಒಡೆದು ಬರೆಯುತ್ತಿದ್ದ ಪಾಲನ್ನು ಒಂದರ ದಶಾಂಶವಾಗಿ ಬರೆಯತೊಡಗಿದರು. ದಾಗ್ ನಂಬರು ಕೆಲವು ಮೌಜಾಗಳಲ್ಲಿ ಹಾಗೇ ಉಳಿಯಿತು, ಕೆಲವೆಡೆ ಬದಲಾಯಿತು.

ಬದಲಾದಾಗಲೂ ಹಳೆಯ ನಂಬರನ್ನು ಅಳಿಸಲಿಲ್ಲ. ಸಾಬೇಕ್ ದಾಗ್ ಇಂತಿಷ್ಟು, ಹಾಲ್ ದಾಗ್ ಇಂತಿಷ್ಟು ಎಂದು ಪತ್ರದಲ್ಲಿ ಜೋಡಿಯಾಗಿ ಬರೆಯುವುದು ರೂಢಿ. ಹಿಂದಿನದು ಸಾಬೇಕ್, ಸದ್ಯದ್ದು ಹಾಲ್. ಜೋಕಾದ ಎರಡೂ ಗ್ರಾಮ ಪಂಚಾಯತಿಗಳು 2012ರಲ್ಲಿ ಪಾಲಿಕೆಗೆ ಸೇರಿ ಕೋಲ್ಕತ್ತಾದ ವಾರ್ಡುಗಳು 141ರಿಂದ 144ಕ್ಕೆ ಏರಿದಾಗ ನೆಲಕ್ಕೆ ಮತ್ತೊಂದು ನಂಬರು ಬಂತು, ಅದನ್ನೂ ಹಳೆಯದರ ಪಕ್ಕದಲ್ಲೇ ಬರೆದರು. ರಾಜ್ಯ ಸರಕಾರದ ಬಾಂಗ್ಲಾರ್‌ಭೂಮಿ ಜಾಲತಾಣದಲ್ಲಿ ಆರ್.ಎಸ್. ದಾಗ್ ಕೊಟ್ಟರೆ ಎಲ್.ಆರ್. ದಾಗ್ ತೋರಿಸುವ ವ್ಯವಸ್ಥೆಯೇ ಪ್ರತ್ಯೇಕವಾಗಿದೆ. ನಾಗರಿಕರಿಗೆ ಅದು ದಿನನಿತ್ಯ ಬೇಕು, ಏಕೆಂದರೆ ಅಜ್ಜನ ಪತ್ರದಲ್ಲಿರುವುದು ಹಳೆಯ ನಂಬರು, ತೆರಿಗೆ ರಸೀತಿಯಲ್ಲಿರುವುದು ಹೊಸದು. ಜಮೀನ್ದಾರಿ ಹೋಗಿ ಎಪ್ಪತ್ತು ವರ್ಷವಾದರೂ ತೌಜಿ ನಂಬರು ಇವತ್ತಿನ ಪತ್ರದಲ್ಲೂ ಬರುತ್ತದೆ. ಅದರಿಂದ ಈಗ ಯಾವ ಲೆಕ್ಕವೂ ಆಗುವುದಿಲ್ಲ. ಆದರೂ ಹಿಂದಿನ ಪತ್ರದ ಸಾಲು ಇದೇ ನೆಲದ್ದು ಎಂದು ಹೊಂದಿಸಿ ನೋಡುವ ವಕೀಲರಿಗೆ ಅದೊಂದು ಸಾಕ್ಷಿ.

ಕರ್ನಾಟಕದಲ್ಲಿ, ನಮ್ಮ ಕಡೆಯ ಕಥೆ ಬೇರೆ ರೀತಿಯದು. ರೈತವಾರಿ ಪದ್ಧತಿಯಲ್ಲಿ ಸರಕಾರ ಮೊದಲಿಂದಲೂ ಗದ್ದೆಯ ಬದುವಿನ ಮೇಲೇ ನಿಂತಿತ್ತು. 1830ರ ದಶಕದಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಶುರುಮಾಡಿದ ಸರ್ವೆ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. ಮೈಸೂರು 1863ರಿಂದ ಅದೇ ಮಾದರಿಯನ್ನು ಹಿಡಿಯಿತು. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬೈಗೆ ಹೋಯಿತು. 1956ರಲ್ಲಿ ಐದು ಆಡಳಿತಗಳ ನೆಲ ಒಂದು ರಾಜ್ಯವಾದಾಗ ಒಂದೊಂದು ಕಡೆಯ ರೈತನ ಬಾಯಲ್ಲಿ ಒಂದೊಂದು ಹೆಸರು: ಮುಂಬೈ ಭಾಗದಲ್ಲಿ ಸಾತ್‌ಬಾರಾ, ಮೈಸೂರಿನಲ್ಲಿ ಪಹಣಿ, ದಕ್ಷಿಣ ಕನ್ನಡದಲ್ಲಿ ಅಡಂಗಲ್. ಸಾತ್‌ಬಾರಾ ಅಂದರೆ ಏಳನೇ ನಮೂನೆ, ಹನ್ನೆರಡನೇ ನಮೂನೆ. ಫಾರ್ಮಿನ ನಂಬರೇ ದಾಖಲೆಯ ಹೆಸರಾಗಿತ್ತು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳು ಎಲ್ಲಕ್ಕೂ ಒಂದೇ ನಮೂನೆ ತಂದವು. ನಮೂನೆ 16, ಆರ್‌ಟಿಸಿ. ಕಾಗದ ಒಂದಾದರೂ ಜನ ಪಹಣಿ ಎನ್ನುವುದನ್ನು ಬಿಡಲಿಲ್ಲ.

ನಮ್ಮ ಅಜ್ಜ ಶಾನುಭೋಗಿಕೆ ಮಾಡಿದವರು. ಪರಂಪರೆಯ ಗ್ರಾಮಾಧಿಕಾರಗಳು 1963ರ ಫೆಬ್ರವರಿ 1ಕ್ಕೆ ರದ್ದಾಗಿ ಸರಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. ಅಜ್ಜ ಕೊನೆಯವರೆಗೂ ಪಹಣಿಯ ಕಾಲಂಗಳನ್ನು ನಂಬರಿನಿಂದಲೇ ಕರೆಯುತ್ತಿದ್ದರು. ಇವತ್ತಿಗೂ ಊರಲ್ಲಿ ಹಾಗೆಯೇ. “ಒಂಬತ್ತರಲ್ಲಿ ಯಾರ ಹೆಸರಿದೆ?” ಅಂದರೆ ಖಾತೆದಾರ ಯಾರು ಎಂದು. “ಹನ್ನೊಂದರಲ್ಲಿ ಬೋಜಾ ಕೂತಿದೆ” ಅಂದರೆ ಸಾಲ ದಾಖಲಾಗಿದೆ ಎಂದು. ಹನ್ನೆರಡು ಅಂದರೆ ಉಳುವವನು ಮತ್ತು ಬೆಳೆ. ಈ ಹನ್ನೆರಡನೇ ಕಾಲಂ ಎಷ್ಟು ದೊಡ್ಡದೆಂದು ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಡಿ ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಾಕಿದಾಗ, ಉಳುಮೆ ತನ್ನದೇ ಎಂದು ತೋರಿಸಲು ಅವರ ಕೈಯಲ್ಲಿದ್ದ ಕಾಗದ ಅದೇ ಕಾಲಂ. ಒಂಬತ್ತರಲ್ಲಿ ಒಡೆಯ, ಹನ್ನೆರಡರಲ್ಲಿ ಗೇಣಿದಾರ. ಇವೆರಡನ್ನೂ ‘ಮಾಲೀಕ’ ಎಂಬ ಒಂದೇ ಹೆಸರಿನಡಿ ತಂದಿದ್ದರೆ ಎಷ್ಟು ಕುಟುಂಬಗಳು ನೆಲ ಕಳೆದುಕೊಳ್ಳುತ್ತಿದ್ದವೋ.

ಕಂಪ್ಯೂಟರು ಬಂದಾಗ ಹೆಸರುಗಳಿಗೆ ಇನ್ನೊಂದು ಕಟ್ಟು ಬಿತ್ತು: ಉದ್ದದ ಕಟ್ಟು. ಅದು ಯಾರದೋ ಸೋಮಾರಿತನದಿಂದ ಬಂದದ್ದಲ್ಲ, ಯಂತ್ರದ ಕಟ್ಟಡದಿಂದಲೇ ಬಂದದ್ದು. ಐಬಿಎಂನ 704 ಯಂತ್ರದ ಒಂದು ಪದಕ್ಕೆ 36 ಬಿಟ್. ಒಂದು ಅಕ್ಷರಕ್ಕೆ ಆರು ಬಿಟ್‌ನಂತೆ ಆರು ಅಕ್ಷರ ಹಿಡಿಯುತ್ತಿತ್ತು, ಹಾಗಾಗಿ 1957ರ ಫೋರ್ಟ್ರಾನ್‌ನಲ್ಲಿ ಹೆಸರು ಆರಕ್ಷರಕ್ಕೆ ನಿಂತಿತು. ಪಂಚ್ ಕಾರ್ಡಿನಲ್ಲಿದ್ದದ್ದು ಎಂಬತ್ತು ಕಂಬ. ಒಂದೊಂದು ಅಕ್ಷರಕ್ಕೂ ಜಾಗದ ಬಾಡಿಗೆ ತೆರಬೇಕಿದ್ದ ಕಾಲ ಅದು. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರು 1950ರ ದಶಕದ ಮಧ್ಯದಲ್ಲಿ ಇಳಿದದ್ದು ಇದೇ ಕೋಲ್ಕತ್ತಾದಲ್ಲಿ, ಮಹಾಲನೋಬಿಸರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ. ಊರಿನ ಆ ತುದಿಯಲ್ಲಿ ಆ ಸಂಸ್ಥೆಯಿರುವ ಬಾರಾನಗರ, ಈ ತುದಿಯಲ್ಲಿ 1975ರಿಂದ ಐಐಎಂ ಇರುವ ಜೋಕಾ. ಕಂಪ್ಯೂಟರಿನ ಲೆಕ್ಕ ಈ ನಗರಕ್ಕೆ ಹೊಸದಲ್ಲ.

ನಮ್ಮ ಸಣ್ಣ ಕಚೇರಿಗಳಿಗೆ, ಸಂಘಗಳಿಗೆ ಡೇಟಾಬೇಸ್ ಬಂದದ್ದು ಡಿಬೇಸ್ ಮತ್ತು ಫಾಕ್ಸ್‌ಪ್ರೋ ರೂಪದಲ್ಲಿ. ಆ ಡಿಬಿಎಫ್ ಕಡತದ ತಲೆಭಾಗದಲ್ಲಿ ಪ್ರತಿ ಕಾಲಂ ವಿವರಕ್ಕೆ 32 ಬೈಟ್, ಅದರಲ್ಲಿ ಹೆಸರಿಗೆ ಸಿಗುತ್ತಿದ್ದದ್ದು ಹತ್ತಕ್ಷರ. ಡಾಸ್‌ನಲ್ಲಿ ಕಡತದ ಹೆಸರು ಎಂಟಕ್ಷರ. ಇಷ್ಟರೊಳಗೆ ಖಾತೆದಾರನನ್ನೂ ಖರಾಬನ್ನೂ (ಸಾಗುವಳಿಗೆ ಬಾರದ ನೆಲ) ಹಿಸ್ಸಾವನ್ನೂ (ಸರ್ವೆ ನಂಬರಿನ ಪಾಲು) ಹೊಂದಿಸಬೇಕು. ಹಾಗಾಗಿ ಸ್ವರಗಳನ್ನು ಕಿತ್ತು ವ್ಯಂಜನ ಉಳಿಸಿದರು. ನನ್ನ ಮುಂದಿದ್ದ ಟೇಬಲ್‌ನಲ್ಲಿ ಖಾತೆದಾರ ‘ಕೆಎಚ್‌ಟಿಡಿಆರ್’ ಆಗಿದ್ದ, ಸರ್ವೆ ನಂಬರು ‘ಎಸ್‌ಎನ್‌ಓ’ ಆಗಿತ್ತು, ಗ್ರಾಮ ‘ವಿಎಲ್‌ಜಿಸಿಡಿ’ ಆಗಿತ್ತು. ಇದನ್ನು ಬರೆದವರಿಗೆ ಹಳ್ಳಿಯೂ ಗೊತ್ತಿತ್ತು, ಸಾಲದ ಲೆಕ್ಕವೂ ಗೊತ್ತಿತ್ತು ಎಂಬುದು ಹೆಸರುಗಳ ಆಯ್ಕೆಯಲ್ಲೇ ಕಾಣುತ್ತದೆ. ನನಗೆ ಅವರ ಮೇಲೆ ಗೌರವವಿದೆ.

ಹಳೆಯ ಕಾಲಂ ಹೆಸರು ವೆಬ್ ಪುಟದವರೆಗೂ ನಡೆದು ಬಂದದ್ದಕ್ಕೆ ಕರ್ನಾಟಕದ ರೈತರೆಲ್ಲ ಬಲ್ಲ ಉದಾಹರಣೆ ರಾಜ್ಯ ಸರಕಾರದ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಈ ಶತಮಾನದ ಆರಂಭದಲ್ಲಿ 177 ತಾಲ್ಲೂಕುಗಳ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಅಷ್ಟು ದೊಡ್ಡ ಕೆಲಸ ಅದು. ಈಗ ಜಾಲತಾಣದಲ್ಲಿ ಪಹಣಿ ನೋಡುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದ ಮೇಲೆ ‘ಸರ್ನೋಕ್’ ಎಂಬ ಪೆಟ್ಟಿಗೆಗೆ ಬರುತ್ತಾರೆ. ಬಹುಪಾಲು ಅಲ್ಲಿ ಒಂದು ನಕ್ಷತ್ರ ಚಿಹ್ನೆ ಮಾತ್ರ ಇರುತ್ತದೆ. ಅದನ್ನು ಆರಿಸಿದರೆ ಹಿಸ್ಸಾ ತೆರೆದುಕೊಳ್ಳುತ್ತದೆ. ಹಿಸ್ಸಾ ಇಲ್ಲದ ಕಡೆ ಅಲ್ಲೂ ನಕ್ಷತ್ರ. ಊರಿನ ಮಾತಿನಲ್ಲಿ ಇಲ್ಲದ ಪದ ಅದು, ಆದರೂ ಸೈಬರ್ ಅಂಗಡಿಯ ಹುಡುಗರಿಂದ ಹಿಡಿದು ಮುದುಕರವರೆಗೆ ಎಲ್ಲರೂ ಆ ನಕ್ಷತ್ರ ಒತ್ತುವುದನ್ನು ಕಲಿತಿದ್ದಾರೆ. ಡೇಟಾಬೇಸ್ ಬಲ್ಲವರಿಗೆ ನಕ್ಷತ್ರದ ತರ್ಕ ಗೊತ್ತಾಗುತ್ತದೆ: ಕೀಯ ಭಾಗವಾದ ಕಾಲಂ ಖಾಲಿ ಇರುವಂತಿಲ್ಲ, ಹಾಗಾಗಿ ‘ಏನೂ ಇಲ್ಲ’ ಎಂಬುದಕ್ಕೂ ಒಂದು ಗುರುತು ಇಡುವುದು ಹಳೆಯ ರೂಢಿ. ಒಳಮನೆಯ ಹೆಸರು ಹೊರಬಾಗಿಲಿಗೆ ಬಂದು ನಿಂತಿದೆ, ಅಷ್ಟೆ. ಪರದೆಯ ಮೇಲೆ ಜನಕ್ಕೆ ತಿಳಿಯುವ ಹೆಸರು ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಅದಕ್ಕಾಗಿ ಕೋಟಿಗಟ್ಟಲೆ ಸಾಲುಗಳ ಟೇಬಲನ್ನು ಕೆದಕಬೇಕಿಲ್ಲ ಎಂಬುದನ್ನೂ ಅಷ್ಟೇ ಬಲವಾಗಿ ಹೇಳುತ್ತೇನೆ.

ಈಗಿನ ಫ್ರೇಮ್‌ವರ್ಕ್‌ಗಳು ಬಂದದ್ದು 2004–05ರಲ್ಲಿ. 2004ರಲ್ಲಿ ಡೇವಿಡ್ ಹೈನೆಮಾಯರ್ ಹ್ಯಾನ್ಸನ್ ಅವರ ರೂಬಿ ಆನ್ ರೈಲ್ಸ್, 2005ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಿಂದ ಹೊರಬಂದ ಜ್ಯಾಂಗೋ. ಇವು ಹೆಸರಿಡುವುದನ್ನೇ ಒಂದು ಕಟ್ಟಳೆ ಮಾಡಿದವು. ಹೆಸರು ಕಟ್ಟಳೆಯಂತೆ ಇದ್ದರೆ ಬೇರೇನೂ ಬರೆಯಬೇಕಿಲ್ಲ, ಟೇಬಲ್ ಯಾವುದು, ಕೀ ಯಾವುದು, ಯಾವುದಕ್ಕೆ ಯಾವುದು ಸಂಬಂಧ ಎಂದು ಅದೇ ಊಹಿಸಿಕೊಳ್ಳುತ್ತದೆ. ಹೊಸದಾಗಿ ಕಟ್ಟುವವರಿಗೆ ಇದು ದೊಡ್ಡ ಅನುಕೂಲ. ಹಳೆಯದನ್ನು ತರುವವರಿಗೆ ಪ್ರತಿ ಹೆಸರೂ ಒಂದು ವಿನಾಯಿತಿ.

ಸಂಘದ ಕೆಲಸಕ್ಕೆ ನಮ್ಮ ತಂಡ ಮೊದಲು ರೈಲ್ಸ್ ನೋಡಿತು. ಅದು ಟೇಬಲ್ ಹೆಸರು ಬಹುವಚನದಲ್ಲಿರಬೇಕು ಎನ್ನುತ್ತದೆ, ಮತ್ತು ಅದರೊಳಗಿನ ಬಹುವಚನ–ಏಕವಚನದ ನಿಯಮಗಳು ಇಂಗ್ಲಿಷಿನವು, ಅಲ್ಲಿಗೆ ಬಂದ ಲ್ಯಾಟಿನ್ ಪದಗಳನ್ನೂ ಲೆಕ್ಕ ಹಿಡಿದವು. ‘ಟಾ’ ಎಂದು ಕೊನೆಯಾಗುವ ಪದವನ್ನು ಅದು ಬಹುವಚನವೆಂದೇ ತಿಳಿಯುತ್ತದೆ, ಡೇಟಾ ಎಂಬುದರ ಏಕವಚನ ಡೇಟಂ ಆಗುವಂತೆ. ಹಾಗಾಗಿ ರೋಮನ್ ಅಕ್ಷರದಲ್ಲಿ ಬರೆದ ‘ಖಾತಾ’ದ ಏಕವಚನ ಅದಕ್ಕೆ ‘ಖಾತಂ’. ‘ಪಟ್ಟಾ’ ಹೋಗಿ ‘ಪಟ್ಟಂ’. ಇದನ್ನು ತಡೆಯಲು ಒಂದೊಂದು ಪದಕ್ಕೂ ವಿನಾಯಿತಿ ಬರೆದಿಡಬಹುದು. ಆದರೆ ನಮ್ಮ ಪದಕೋಶದಲ್ಲಿದ್ದದ್ದು ಬರೀ ಅಂಥ ಪದಗಳೇ.

ಹಾಗಾಗಿ ಜ್ಯಾಂಗೋ ಆರಿಸಿಕೊಂಡೆವು. ಅದರಲ್ಲಿ ‘ಇನ್‌ಸ್ಪೆಕ್ಟ್‌ಡಿಬಿ’ ಎಂಬ ಆಜ್ಞೆಯಿದೆ. ಡಿಬಿಎಫ್ ಕಡತಗಳನ್ನು ಹೆಸರು ಬದಲಿಸದೆ ಪೋಸ್ಟ್‌ಗ್ರೆಸ್‌ಗೆ ತುಂಬಿ ಅದನ್ನು ಓಡಿಸಿದೆವು. ಅದು ಟೇಬಲ್‌ಗಳನ್ನು ಓದಿ ಅವುಗಳನ್ನು ಕೋಡಿನಲ್ಲಿ ಬಿಂಬಿಸುವ ಮಾಡೆಲ್‌ಗಳ ಕರಡು ಬರೆದುಕೊಡುತ್ತದೆ, ಇವುಗಳನ್ನು ನಾನು ಮುಟ್ಟುವುದಿಲ್ಲ ಎಂಬ ಗುರುತನ್ನೂ ಹಾಕುತ್ತದೆ. ಹೆಸರನ್ನು ಸಣ್ಣಕ್ಷರ ಮಾಡುತ್ತದೆ. ಪೈಥಾನ್ ಭಾಷೆಯ ಕಾಯ್ದಿಟ್ಟ ಪದವಾದರೆ ಹಿಂದೊಂದು ಬಾಲ ಸೇರಿಸುತ್ತದೆ: ಸಂಘದ ‘ಎ’ ವರ್ಗ, ‘ಬಿ’ ವರ್ಗದ ಸದಸ್ಯರನ್ನು ಹೇಳುವ ‘ಕ್ಲಾಸ್’ ಎಂಬ ಕಾಲಂ ‘ಕ್ಲಾಸ್_ಫೀಲ್ಡ್’ ಆಯಿತು. ಅಂಕಿಯಿಂದ ಶುರುವಾಗುವ ಹೆಸರಿಗೂ, ಅಡಿಗೆರೆಯಲ್ಲಿ ಮುಗಿಯುವ ಹೆಸರಿಗೂ ಇಂಥದೇ ತಿದ್ದುಪಡಿ. ತಿದ್ದಿದ ಕಡೆಯೆಲ್ಲ ‘ಡಿಬಿ ಕಾಲಂ’ ಎಂದು ಮೂಲ ಹೆಸರನ್ನು ಪಕ್ಕದಲ್ಲೇ ಬರೆದಿಡುತ್ತದೆ. ತಂಡದಲ್ಲಿದ್ದ ಬಂಗಾಳಿ ಹುಡುಗ ಅದನ್ನು ನೋಡುತ್ತಲೇ ಹೇಳಿದ: “ದೀದಿ, ಇದು ಸಾಬೇಕ್–ಹಾಲ್ ಅಲ್ಲವೇ?” ಅವನ ಮನೆಯ ಜಮೀನಿನ ತಕರಾರು ಆರ್.ಎಸ್. ದಾಗ್‌ನಿಂದ ಎಲ್.ಆರ್. ದಾಗ್‌ಗೆ ನಡೆದು ಬಂದದ್ದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವನು. ಅವತ್ತೇ ನಮ್ಮ ಕೆಲಸದ ಕ್ರಮ ನಿಂತಿತು. ಟೇಬಲ್‌ನೊಳಗೆ ಸಾಬೇಕ್ ಹೆಸರು, ಮಾಡೆಲ್‌ನಲ್ಲಿ ಹಾಲ್ ಹೆಸರು, ಪರದೆಯ ಮೇಲೆ ಕನ್ನಡ. ಮೂರನ್ನೂ ಜೋಡಿಸುವ ಪಟ್ಟಿ ಒಂದೇ ಕಡೆ.

ಹಾಲ್ ಹೆಸರು ಏನಿರಬೇಕು ಎಂಬುದರಲ್ಲಿ ಬಹಳ ಚರ್ಚೆಯಾಯಿತು. ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸೋಣ ಎಂಬುದು ಒಂದು ಮಾತು. ನಾನು ಒಪ್ಪಲಿಲ್ಲ. ಖಾತೆದಾರ, ಕಬ್ಜೆದಾರ, ಗೇಣಿದಾರ ಮೂವರೂ ಬೇರೆಬೇರೆಯಾಗಿರುವ ದಾಖಲೆಯಲ್ಲಿ ಇಂಗ್ಲಿಷ್ ಹೆಸರು ಹುಡುಕುವವರು ಬೇಗ ‘ಓನರ್’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಹನ್ನೆರಡನೇ ಕಾಲಂನ ಚರಿತ್ರೆ ಬಲ್ಲವರು ಅದಕ್ಕೆ ಒಪ್ಪಲಾರರು. ಕನ್ನಡ ಲಿಪಿಯಲ್ಲೇ ಇಡಬಹುದೇ ಎಂದೂ ಪ್ರಯತ್ನಿಸಿದೆವು. 2008ರಲ್ಲಿ ಬಂದ ಪೈಥಾನ್ 3 ಅದನ್ನು ಒಪ್ಪುತ್ತದೆ, ‘ಹಿಸ್ಸಾ’, ‘ಖರಾಬು’ ಎಂದು ನೇರ ಬರೆಯಬಹುದು. ಆದರೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ ತಡೆ ಇದೆಯಲ್ಲ, ಅದು ಹೆಸರಿನೊಳಗೆ ಬಂದರೆ ಪೈಥಾನ್ ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟ್ ಮಿತಿ, ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೋ ಗುಣಿತ ಚಿಹ್ನೆಗೋ ಮೂರು ಬೈಟ್. ಅಂದರೆ ಒತ್ತು, ಗುಣಿತ ಎಲ್ಲ ಸೇರಿ ಇಪ್ಪತ್ತೊಂದಕ್ಕೆ ಮುಗಿಯಿತು. ಡಿಬೇಸ್‌ನ ಹತ್ತಕ್ಕಿಂತ ಹೆಚ್ಚೇ, ಆದರೆ ತಂಡದ ಅರ್ಧ ಜನ ಓದಲಾರರು. ಕೊನೆಗೆ ಪಹಣಿಯ ಪದಗಳನ್ನೇ ಸ್ವರಸಹಿತ ರೋಮನ್ ಅಕ್ಷರದಲ್ಲಿ ಬರೆದೆವು. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೂ ತಾಲ್ಲೂಕು ಕಚೇರಿಯವರು ಬಳಸುವ ಪದ ಮತ್ತು ನಮ್ಮ ಕೋಡಿನ ಪದ ಒಂದೇ ಆಗಿ ಉಳಿದವು.

ಹೆಸರು ಮೊಟಕಾದಾಗ ಮೊದಲು ಕಾಣೆಯಾಗುವುದು ಅಳತೆ. ಹಳೆಯ ಟೇಬಲ್‌ನ ಕ್ಷೇತ್ರದ ಕಾಲಂನಲ್ಲಿ 2.30 ಎಂದಿತ್ತು. ಬಂಗಾಳದ ದಾಖಲೆಯಲ್ಲಿ ಎಕರೆಯ ನೂರನೇ ಒಂದು ಪಾಲು ಶತಕ, ಹಾಗಾಗಿ 2.30 ಅಂದರೆ 230 ಶತಕ ಎಂದು ಆ ಹುಡುಗ ಓದಿದ. ಅವನ ಊರಿನ ಲೆಕ್ಕದಲ್ಲಿ ಅದು ಸರಿಯೇ. ನಮ್ಮ ಲೆಕ್ಕದಲ್ಲಿ ಅದು ಎರಡು ಎಕರೆ ಮೂವತ್ತು ಗುಂಟೆ. ಮೂವತ್ತಮೂರು ಅಡಿಯ ಸರಪಳಿಯ ಚದರ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಅಂದರೆ ಎರಡೂಮುಕ್ಕಾಲು ಎಕರೆ. 2.30ಕ್ಕೆ 1.20 ಕೂಡಿಸಿದರೆ ಯಂತ್ರ 3.50 ಎನ್ನುತ್ತದೆ; ಶಾನುಭೋಗರು ನಾಲ್ಕು ಎಕರೆ ಹತ್ತು ಗುಂಟೆ ಎನ್ನುತ್ತಾರೆ. ಶಾನುಭೋಗರದೇ ಸರಿ. ಹಳೆಯ ಪ್ರೋಗ್ರಾಮಿನಲ್ಲಿ ಕೂಡಿಸುವ ಮೊದಲು ಗುಂಟೆಯನ್ನು ಬಿಡಿಸಿಕೊಳ್ಳುವ ಸಾಲುಗಳಿದ್ದವು. ಟೇಬಲ್ ಮಾತ್ರ ನೋಡಿದವರಿಗೆ ಅದು ತಿಳಿಯುವುದಿಲ್ಲ. ಈಗ ಮಾಡೆಲ್‌ನಲ್ಲಿ ಎಕರೆ ಒಂದು, ಗುಂಟೆ ಒಂದು, ಆಣೆ ಒಂದು, ಹೆಸರಿನಲ್ಲೇ ಅಳತೆಯಿದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಬೆಟ್ಟದ ಕಾಲಂ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಅಡಿಕೆ ತೋಟವಿದ್ದವರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಸೊಪ್ಪು ಕೊಯ್ಯಬಹುದು, ದರಕು ಗುಡಿಸಿ ತರಬಹುದು, ದನ ಮೇಯಿಸಬಹುದು. ನೆಲ ಮಾತ್ರ ಅರಣ್ಯದ್ದು. ತೋಟ ಕೈಬದಲಾದರೆ ಬೆಟ್ಟವೂ ತೋಟದ ಹಿಂದೆ ಹೋಗುತ್ತದೆ. ಟೇಬಲ್‌ನಲ್ಲಿ ಅದು ಎಕರೆಯ ಲೆಕ್ಕದ ಒಂದು ಸಣ್ಣ ಕಾಲಂ, ಜಮೀನಿನ ಕ್ಷೇತ್ರದ ಪಕ್ಕದಲ್ಲೇ. ಹೊಸದಾಗಿ ವಿನ್ಯಾಸ ಮಾಡುವವರ ಕೈ ಸಹಜವಾಗಿ ಅದನ್ನೂ ಜಮೀನಿನ ಮಾಡೆಲ್‌ಗೆ ಸೇರಿಸಿ ಒಟ್ಟು ಕ್ಷೇತ್ರ ಎಣಿಸಲು ಹೋಗುತ್ತದೆ. ಹಾಗೆ ಮಾಡಿದರೆ ಒಂದೆಕರೆ ತೋಟದವನು ಹತ್ತೆಕರೆಯ ಹಿಡುವಳಿದಾರನಾಗಿ ಕಾಣುತ್ತಾನೆ, ಸಣ್ಣ ರೈತನಿಗೆ ಸಿಗಬೇಕಾದದ್ದು ಅವನಿಗೆ ತಪ್ಪುತ್ತದೆ. ಹಳೆಯ ವರದಿಗಳನ್ನೆಲ್ಲ ಹರಡಿಕೊಂಡು ನೋಡಿದೆ. ಯಾವ ಒಂದರಲ್ಲೂ ಬೆಟ್ಟವನ್ನು ತೋಟದ ಜೊತೆ ಕೂಡಿಸಿರಲಿಲ್ಲ. ಹೆಸರು ಹೇಳದೆ ಬಿಟ್ಟದ್ದನ್ನು ಬಳಕೆ ಹೇಳುತ್ತಿತ್ತು. ಈಗ ಬೆಟ್ಟ ಬೇರೆಯೇ ಮಾಡೆಲ್, ತೋಟದ ಸರ್ವೆ ನಂಬರಿಗೆ ಕಟ್ಟಿದ್ದು, ಸೌಲಭ್ಯ ಎಂಬ ಹೆಸರಿನದು.

ಕೀಯ ವಿಷಯದಲ್ಲಿ ಫ್ರೇಮ್‌ವರ್ಕ್‌ಗಳೇ ನಮ್ಮ ದಾರಿಗೆ ಬಂದವು. ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರೂ ಸೇರಿದರೆ ಮಾತ್ರ ಒಂದು ತುಂಡು ನೆಲ, ಬಂಗಾಳದಲ್ಲಿ ಠಾಣೆ, ಜೆ.ಎಲ್., ದಾಗ್ ಸೇರಿದಂತೆ. ಇಪ್ಪತ್ತು ವರ್ಷ ಜ್ಯಾಂಗೋ ಪ್ರತಿ ಟೇಬಲ್‌ಗೂ ಒಂದೇ ಕಾಲಂನ ಕೀ ಕೇಳುತ್ತಿತ್ತು, ಇಲ್ಲದಿದ್ದರೆ ತಾನೇ ಒಂದು ಕ್ರಮಾಂಕ ಸೃಷ್ಟಿಸಿ ಇಡುತ್ತಿತ್ತು. ಆ ಕ್ರಮಾಂಕದಲ್ಲಿ ನೆಲದ ಸುಳಿವಿಲ್ಲ. ದಾಖಲೆಯನ್ನು ಮತ್ತೊಮ್ಮೆ ತುಂಬಿದರೆ ಬೇರೆಯದೇ ಬರಬಹುದು. ರೈಲ್ಸ್ 2023ರ ಅಕ್ಟೋಬರಿನಲ್ಲಿ ತನ್ನ 7.1ನೇ ಆವೃತ್ತಿಯಲ್ಲಿ, ಜ್ಯಾಂಗೋ 2025ರ ಏಪ್ರಿಲ್‌ನಲ್ಲಿ ತನ್ನ 5.2ನೇ ಆವೃತ್ತಿಯಲ್ಲಿ ಹಲವು ಕಾಲಂ ಸೇರಿದ ಕೀಯನ್ನು ಒಪ್ಪಿಕೊಂಡವು. ಭೂದಾಖಲೆಯಂಥ ಹಳೆಯ ವ್ಯವಸ್ಥೆಗಳು ಜಗತ್ತಿನಲ್ಲೆಲ್ಲ ಹೀಗೇ ಇರುವುದರಿಂದ ಒಪ್ಪಲೇಬೇಕಾಯಿತು ಎಂದು ನನ್ನ ಅನಿಸಿಕೆ.

ಆರ್.ಎಸ್. ಎಂಬ ಎರಡಕ್ಷರದ ಬಗ್ಗೆಯೂ ಒಂದು ಮಾತು ಹೇಳಬೇಕು. ಜೋಕಾದ ಪತ್ರದಲ್ಲಿ ಅದು ಜಮೀನ್ದಾರಿ ಹೋದ ಮೇಲಿನ ಪರಿಷ್ಕರಣೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ಪತ್ರಗಳಲ್ಲೂ ಆರ್.ಎಸ್. ನಂಬರು ಬರುತ್ತದೆ, ಅದು ಮುಂಬೈ ಆಡಳಿತದ ರಿವಿಜನ್ ಸರ್ವೆಯದು. ಕಾಸರಗೋಡಿನ ಪತ್ರಗಳಲ್ಲಿ ರೀಸರ್ವೆಯ ನಂಬರನ್ನೂ ಹೀಗೇ ಬರೆಯುತ್ತಾರೆ. ಮೂರೂ ಕಡೆಯ ದಾಖಲೆಯನ್ನು ಒಂದು ಬ್ಯಾಂಕೋ ಸಂಘವೋ ಒಂದೇ ಟೇಬಲ್‌ಗೆ ತಂದರೆ ಆ ಕಾಲಂ ಹೆಸರು ಒಂದೇ ಆಗಿರುತ್ತದೆ, ನೆಲದ ಚರಿತ್ರೆ ಮೂರು. ಹಾಗಾಗಿ ನಮ್ಮ ಹೆಸರಿನ ಪಟ್ಟಿಯಲ್ಲಿ ಪ್ರತಿ ಕಾಲಂಗೂ ಯಾವ ಸರ್ವೆ, ಯಾವ ಕಾಯ್ದೆ, ಯಾವ ನಮೂನೆಯಿಂದ ಬಂದದ್ದು ಎಂದು ಒಂದು ಸಾಲು ಬರೆದಿದ್ದೇವೆ. ಪಟ್ಟಿ ಕೋಡಿನ ಜೊತೆಯಲ್ಲೇ ಇರುತ್ತದೆ. ಕೋಡು ಬದಲಾದರೆ ಅದೂ ಬದಲಾಗಬೇಕು.

ಈಗ ಉಳಿದಿರುವುದು ಪೈಕಿ ನಂಬರುಗಳು. ಸರಕಾರಿ ನೆಲವನ್ನು ದರಖಾಸ್ತಿನಲ್ಲಿ ಹಲವರಿಗೆ ಮಂಜೂರು ಮಾಡಿದಾಗ ಅಳತೆಯಾಗಿ ಬೇರೆ ನಂಬರು ಬರುವವರೆಗೆಂದು ಅದೇ ಸರ್ವೆ ನಂಬರಿಗೆ ‘ಪೈಕಿ’ ಎಂದು ಸೇರಿಸಿ ಪಹಣಿ ಕೊಟ್ಟರು. ತಾತ್ಕಾಲಿಕ ಹೆಸರು ದಶಕಗಟ್ಟಲೆ ಉಳಿಯಿತು, ಅದರ ಮೇಲೆ ಸಾಲ ಆಯಿತು, ವಾಟ್ನಿ ಆಯಿತು, ಮಾರಾಟವೂ ಆಯಿತು. ಈಗ ಸರಕಾರ ಪೋಡಿ ಮಾಡಿ, ಅಂದರೆ ಅಳೆದು ಬೇರ್ಪಡಿಸಿ, ಕಾಯಂ ನಂಬರು ಕೊಡುತ್ತಿದೆ. ಸಂಘದ ಸದಸ್ಯರು ಹೊಸ ಪಹಣಿ ಹಿಡಿದು ಬರುತ್ತಾರೆ, ಹನ್ನೊಂದನೇ ಕಾಲಂನ ಬೋಜಾ ಹಳೆಯ ಪೈಕಿ ನಂಬರಿನ ಮೇಲಿರುತ್ತದೆ. ಇದಕ್ಕಾಗಿ ಹೊಸದೊಂದು ಟೇಬಲ್ ಮಾಡಿದ್ದೇನೆ: ಸಾಬೇಕ್ ನಂಬರು, ಹಾಲ್ ನಂಬರು, ಪೋಡಿ ಆದೇಶದ ತಾರೀಖು. ಜ್ಯಾಂಗೋ ಇದಕ್ಕೆ ತಾನೇ ಒಂದು ಹೆಸರಿಡಲು ಬಂತು. ನಾನು ಟೇಬಲ್‌ಗೆ ‘ಸಾಬೇಕ್_ಹಾಲ್’ ಎಂದೇ ಕೊಟ್ಟು, ಶಿರಸಿಯವರಿಗೆ ಆ ಬಂಗಾಳದ ರೂಢಿ ತಿಳಿಯಲೆಂದು ಅರ್ಥವನ್ನು ಪಟ್ಟಿಯಲ್ಲಿ ಕನ್ನಡದಲ್ಲಿ ಬರೆದಿಟ್ಟೆ.